ಎರಡೂವರೆ ಮನೆ ಶ್ರುತಿ

ಅರ್ಡೆಲ್ ಟಾಲಿವರ್‌ಗೆ ನಾನು ಹದಿನಾಲ್ಕು ವರ್ಷ ಪಿಯಾನೋ ನುಡಿಸಿದೆ. ಅದರಲ್ಲಿ ಕೊನೆಯ ಆರು ವರ್ಷ ಅವಳಿಗೆ ಸುಳ್ಳು ಹೇಳಿದೆ. ಬಾಯಿಂದಲ್ಲ, ಬೆರಳಿಂದ. ಬಾಯಿಂದ ಹೇಳಿದ್ದಾದರೆ ಒಂದು ಸಲ ಹೇಳಿ ಮರೆತುಬಿಡಬಹುದಿತ್ತು. ಬೆರಳಿನ ಸುಳ್ಳನ್ನು ಪ್ರತಿ ಕಛೇರಿಯಲ್ಲೂ ಹೊಸದಾಗಿ ಹೇಳಬೇಕಾಗುತ್ತದೆ.

ಎದುರಿಗೆ ಅವಳನ್ನು ಮಿಸ್ ಅರ್ಡೆಲ್ ಎಂದೇ ಕರೆಯುತ್ತಿದ್ದೆ, ನೀವು ಎನ್ನುತ್ತಿದ್ದೆ. ನನಗಿಂತ ಮೂರೇ ವರ್ಷ ದೊಡ್ಡವಳು. ಆದರೆ ನಾವಿದ್ದ ಇಡೀ ಹಾರ್ಲೆಮ್ ಬಡಾವಣೆಯಲ್ಲಿ ಅವಳನ್ನು ಏಕವಚನದಲ್ಲಿ ಕರೆಯುವ ಧೈರ್ಯ ಇದ್ದದ್ದು ಇಬ್ಬರಿಗೇ. ಒಬ್ಬಳು ತೀರಿಹೋದ ಅವಳ ಅಮ್ಮ, ಇನ್ನೊಬ್ಬಳು ಓಪಲ್ ರೆನ್‌ಫ್ರೋ. ಈಗ ಬರೆಯುವಾಗ ನಾನೂ ಅವಳು ಎಂದೇ ಬರೆಯುತ್ತೇನೆ. ಮನಸ್ಸಿನೊಳಗೆ ಯಾವಾಗಲೂ ಹಾಗೇ ಇತ್ತು.

ಓಪಲ್ ಮತ್ತು ಅರ್ಡೆಲ್ ಒಂದೇ ಚರ್ಚಿನ ಮೇಳದಲ್ಲಿ ಹಾಡುತ್ತಾ ಬೆಳೆದವರು. ಲಂಗ ತೊಡುವ ವಯಸ್ಸಿನಿಂದ ಜೋಡಿ. ಇಬ್ಬರಿಗೂ ಸ್ವರಲಿಪಿ ಓದಲು ಬರುತ್ತಿರಲಿಲ್ಲ, ಆದರೆ ಓಪಲ್‌ಳ ಕಿವಿ ಬೇರೆಯೇ ಜಾತಿಯದು. ಟ್ರಾಮಿನ ಗಂಟೆ ಬಾರಿಸಿದರೆ ಅದು ಯಾವ ಸ್ವರ ಎಂದು ಹೇಳುತ್ತಿದ್ದಳು. ಅರ್ಡೆಲ್‌ಗೆ ಆ ಕಿವಿ ಇರಲಿಲ್ಲ, ಗಂಟಲಿತ್ತು. ಜೊತೆಗೆ ಜಂಬವೂ ಇತ್ತು.

ನಮ್ಮಲ್ಲಿ ಹಾಡುವವರು ತಮ್ಮ ಶ್ರುತಿಯನ್ನು ಕುಲದ ಹೆಸರಿನ ಹಾಗೆ ಹೇಳಿಕೊಳ್ಳುತ್ತಾರೆ. ಅರ್ಡೆಲ್‌ಳ ಕೈಚೀಲದಲ್ಲಿ ಒಂದು ಕೆಂಪು ನೋಟ್‌ಬುಕ್ ಇರುತ್ತಿತ್ತು. ಬ್ರಾಡ್‌ವೇ ನಾಟಕಗಳಿಗಾಗಿ ಹಳೆಯ ಕವಿಗಳೂ ಸಂಗೀತಗಾರರೂ ಕಟ್ಟಿದ ಹಾಡುಗಳೆಲ್ಲ ಅದರಲ್ಲಿದ್ದವು, ಒಂದೊಂದರ ಮುಂದೆಯೂ ಅವಳ ಶ್ರುತಿ. ನಾನು ಅವಳ ಜೊತೆ ಸೇರಿದ ವರ್ಷ, ಸಾವಿರದ ಒಂಬೈನೂರ ನಲವತ್ತನಾಲ್ಕರಲ್ಲಿ, ನನ್ನ ಕೈಯಿಂದಲೇ ಬರೆಸಿದ್ದು. ಮೊದಲ ಪುಟದಲ್ಲಿ ಅವಳಿಗೆ ಪ್ರಾಣವಾಗಿದ್ದ ಹಾಡು. ಒಂಬತ್ತೇ ದಿನ ಓಡಿ ಮುಳುಗಿದ ಯಾವುದೋ ನಾಟಕದ್ದು. ನಾಟಕ ಸತ್ತಿತು, ಹಾಡು ಉಳಿಯಿತು. ಗಂಡ ಬಿಟ್ಟುಹೋದ ಮೇಲೂ ಹೆಂಗಸೊಬ್ಬಳು ಮೆಟ್ಟಿಲ ದೀಪ ಆರಿಸಲು ಮರೆಯುತ್ತಾಳೆ, ಅಷ್ಟೇ ಅದರ ಕತೆ. ಕೊನೆಯ ಸಾಲಿನಲ್ಲಿ ರಾಗ ಐದು ಮೆಟ್ಟಿಲು ಹತ್ತಿ ತುದಿಯಲ್ಲಿ ನಿಲ್ಲುತ್ತದೆ. ನಾವು ಅದನ್ನು ದೀಪದ ಹಾಡು ಎನ್ನುತ್ತಿದ್ದೆವು. ಅದರ ಮುಂದೆ ಬರೆದದ್ದು: ಎರಡೂವರೆ ಮನೆ. ಮನೆಯ ಲೆಕ್ಕ ಹೆಚ್ಚಿದಷ್ಟೂ ಶ್ರುತಿ ಎತ್ತರ.

ಬೇರೆ ಹಾಡುಗಳನ್ನು ಅರ್ಡೆಲ್ ಎಳೆಯುತ್ತಿದ್ದಳು, ಮಡಿಸುತ್ತಿದ್ದಳು, ಬೇಕಾದಲ್ಲಿ ತಿರುಗಿಸುತ್ತಿದ್ದಳು. ಜಾಝ್ ಹಾಡುವವರ ಕಸುಬೇ ಅದು. ದೀಪದ ಹಾಡನ್ನು ಮಾತ್ರ ಕಟ್ಟಿದವನು ಕಟ್ಟಿದ ಹಾಗೇ ಹಾಡಬೇಕು. ಒಂದು ಸ್ವರ ಆಚೀಚೆ ಮಾಡಿದವರನ್ನು ಅವಳು ಕ್ಷಮಿಸುತ್ತಿರಲಿಲ್ಲ.

ಐವತ್ತೊಂದರಲ್ಲಿ ಅವಳ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಡಾಕ್ಟರು ಕೊಯ್ದು ತೆಗೆದರು. ಎಂಟು ತಿಂಗಳು ಮಾತಿಲ್ಲ, ಹಾಡಿಲ್ಲ. ಆಮೇಲಿನ ಮೊದಲ ಕಛೇರಿ ಫಿಲಡೆಲ್ಫಿಯಾದಲ್ಲಿ, ಭಾನುವಾರ ಮಧ್ಯಾಹ್ನ. ಅವಳು ಒಳಗಿನ ಕೋಣೆಯಲ್ಲಿ ಗುನುಗುವುದು ಬಾಗಿಲ ಹಿಂದೆ ನಿಂತ ನನಗೆ ಕೇಳುತ್ತಿತ್ತು. ತುದಿಯ ಸ್ವರಕ್ಕೆ ಬಂದಾಗಲೆಲ್ಲ ದನಿ ಮುಳ್ಳಿಗೆ ಸಿಕ್ಕಿದ ಬಟ್ಟೆಯ ಹಾಗೆ ಹರಿಯುತ್ತಿತ್ತು. ವೇದಿಕೆಗೆ ಹೋಗುವ ಮುಂಚೆ ನಮ್ಮ ತಂಡದಲ್ಲಿ ಬಾಸ್ ಎಂಬ ದೊಡ್ಡ ತಂತಿವಾದ್ಯ ನುಡಿಸುವ ರೂಫಸ್‌ನ ಕಿವಿಯಲ್ಲಿ ಹೇಳಿದೆ: "ದೀಪದ ಹಾಡು ಎರಡರಲ್ಲಿ. ಅರ್ಧ ಮನೆ ಕೆಳಗೆ. ಬಾಯಿ ಬಿಡಬೇಡ." ರೂಫಸ್ ತಲೆಯಾಡಿಸಿದ.

ಪಿಯಾನೋಗೆ ಬೆನ್ನು ಮಾಡಿ ಹಾಡುವುದು ಅವಳ ಅಭ್ಯಾಸ. ನನ್ನ ಕೈ ಅವಳಿಗೆ ಕಾಣುತ್ತಿರಲಿಲ್ಲ. ತುದಿಯ ಸ್ವರ ತಲುಪಿದಳು, ನಿಂತಳು, ಜನ ಎದ್ದು ನಿಂತರು. ಪರದೆಯ ಹಿಂದೆ ಬಂದವಳೇ ನನ್ನ ಕೋಟಿನ ಕಾಲರು ಹಿಡಿದು ಅತ್ತಳು.

"ನೋಡಿದ್ಯೇನೋ ಲೂಥರ್! ಎರಡೂವರೆ! ಕತ್ತಿ ಹಾಕಿದ್ರೂ ಅಲ್ಲಾಡ್ಲಿಲ್ಲ ಕಣೋ!"

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಎರಡು ವರ್ಷ ಬಿಟ್ಟು ಎರಡರಿಂದ ಒಂದೂವರೆಗೆ ಇಳಿಸಿದೆ. ಮತ್ತೆರಡು ವರ್ಷಕ್ಕೆ ಒಂದು ಮನೆಗೆ. ಬೇರೆ ಹಾಡುಗಳದ್ದೂ ಇದೇ ಕತೆ. ಅವಳು ಕೆಂಪು ನೋಟ್‌ಬುಕ್ ತೆಗೆದು "ಎರಡೂವರೆ" ಎನ್ನುತ್ತಿದ್ದಳು, ನಾನು "ಆಯ್ತು" ಎಂದು ಒಂದರಲ್ಲಿ ಎತ್ತುತ್ತಿದ್ದೆ. ದಯೆ ಎಂದುಕೊಂಡಿದ್ದೆ. ಹೇಡಿಗೆ ತನ್ನ ಹೇಡಿತನ ಯಾವಾಗಲೂ ದಯೆಯಾಗಿಯೇ ಕಾಣುತ್ತದೆ.

ಓಪಲ್‌ಗೂ ವಯಸ್ಸಾಗಿತ್ತು. ಆದರೆ ಅವಳು ತನ್ನ ಪಿಯಾನೋದವನನ್ನು ಕರೆದು, "ನನ್ನ ಗಂಟಲು ಇಳಿದಿದೆ ಕಣಪ್ಪ, ನೀನೂ ಇಳಿ" ಎಂದು ನೇರವಾಗಿ ಹೇಳಿದಳು. ಎಲ್ಲರಿಗೂ ಗೊತ್ತಾಯಿತು. ಫಿಲಡೆಲ್ಫಿಯಾದ ಮರುವರ್ಷ, ಮತ್ತೊಂದು ಭಾನುವಾರದ ಕಛೇರಿಯಲ್ಲಿ, ದೀಪದ ಹಾಡಿಗೆ ಮುಂಚೆ ಅರ್ಡೆಲ್ ಜನರತ್ತ ಕಣ್ಣು ಮಿಟುಕಿಸಿ, "ಓಪಲ್ ರೆನ್‌ಫ್ರೋ ಈಗ ಎಷ್ಟು ಕೆಳಗೆ ಹಾಡ್ತಾಳೆ ಗೊತ್ತಾ? ಕೇಳ್ಬೇಕಂದ್ರೆ ನೆಲಮಾಳಿಗೆಗೆ ಇಳೀಬೇಕು! ನಾನಿನ್ನೂ ಎರಡೂವರೇಲೇ ಇದ್ದೀನಿ ನೋಡಿ" ಎಂದಳು. ಜನ ಬಿದ್ದು ಬಿದ್ದು ನಕ್ಕರು. ನನ್ನ ಕೈ ಆಗ ಎರಡು ಮನೆಯ ಮೇಲಿತ್ತು.

ಆ ನಗೆಮಾತು ಊರೆಲ್ಲ ಸುತ್ತಿತು. ಓಪಲ್ ಎಲ್ಲಿ ನಿಂತರೂ ಹಿಂದಿನ ಸಾಲಿನಿಂದ ಯಾರಾದರೂ "ನೆಲಮಾಳಿಗೆ!" ಎಂದು ಕೂಗುತ್ತಿದ್ದರು. ವರ್ಷದೊಳಗೆ ಅವಳು ವೇದಿಕೆ ಬಿಟ್ಟಳು, ಚರ್ಚಿನ ಮೇಳಕ್ಕೆ ಪಾಠ ಹೇಳಿಕೊಂಡು ಉಳಿದಳು. ಆ ನಗೆಮಾತಿನಿಂದ ಇಬ್ಬರ ನಡುವೆ ಮಾತು ನಿಂತು, ಐವತ್ತೆಂಟಕ್ಕೆ ಐದು ವರ್ಷವಾಗಿತ್ತು.

ಐವತ್ತೆಂಟರ ಜನವರಿಯಲ್ಲಿ ರೆಕಾರ್ಡ್ ಕಂಪನಿಯೊಂದು ಅರ್ಡೆಲ್‌ಳನ್ನು ಕೇಳಿತು: ಹಳಬರ ಹನ್ನೆರಡು ಹಾಡು, ಇಪ್ಪತ್ತೆರಡು ವಾದ್ಯಗಾರರು, ಪಿಟೀಲು, ಹಾರ್ಪ್, ಎಲ್ಲ. ಅವಳು ಮೂವತ್ತು ವರ್ಷ ಕಾದದ್ದು ಇದಕ್ಕೇ. "ಸತ್ತಮೇಲೆ ನನ್ನ ಗಂಟಲು ಒಂದು ತಟ್ಟೆ ಮೇಲಾದ್ರೂ ತಿರುಗ್ತಿರ್ಬೇಕು ಲೂಥರ್" ಎನ್ನುತ್ತಿದ್ದಳು. ನಾನು ಆಗ ತಂಗಿಗೆ ಹುಷಾರಿಲ್ಲವೆಂದು ಡರ್ಹ್ಯಾಮ್‌ಗೆ ಹೋಗಿದ್ದೆ. ಮೂರು ವಾರ ಬಿಟ್ಟು ಬಂದಾಗ, ಧ್ವನಿಮುದ್ರಣಕ್ಕೆ ಮೂರೇ ದಿನ ಉಳಿದಿತ್ತು.

"ಶ್ರುತಿಗಳ ವಿಷಯ ಲಾಸ್ಕರ್ ಹತ್ರ ಮಾತಾಡ್ಬೇಕಿತ್ತು," ಎಂದೆ. ಸೀಮೋರ್ ಲಾಸ್ಕರ್ ವಾದ್ಯಗಾರರಿಗೆಲ್ಲ ಸ್ವರ ಬರೆದು ಕೊಡುವವನು, ಮೇಳ ನಡೆಸುವವನೂ ಅವನೇ.

"ಅದೆಲ್ಲ ಆಗೋಯ್ತು. ಫೋನಲ್ಲಿ ಕೇಳಿದ್ರು, ನೋಟ್‌ಬುಕ್ ನೋಡಿ ಹೇಳ್ದೆ. ಹನ್ನೆರಡೂ."

ಹದಿನಾಲ್ಕು ವರ್ಷದ ಹಿಂದಿನ ಶ್ರುತಿಯಲ್ಲಿ ಇಪ್ಪತ್ತೆರಡು ಜನರ ಹಾಳೆಗಳು ಬರೆದಾಗಿದ್ದವು. ನಾನು ಬೆರಳು ಇಳಿಸಿದರೆ ಹನ್ನೆರಡು ಪಿಟೀಲು ನನ್ನ ಹಿಂದೆ ಇಳಿಯುವುದಿಲ್ಲ.

ಆ ಮೂರು ದಿನವೂ ಹೇಳಬಹುದಿತ್ತು. ಅವಳ ಮನೆಯಲ್ಲಿ ದಿನಾ ಅಭ್ಯಾಸಕ್ಕೆ ಕೂತೆವು. ನಾನು ಒಂದು ಮನೆ ಶ್ರುತಿಯಲ್ಲಿ ನುಡಿಸಿದೆ, ಅವಳು ಹಾಡಿದಳು, ಖುಷಿಯಿಂದ ನನಗೆ ಸಿಹಿಗೆಣಸಿನ ಪೈ ಬಡಿಸಿದಳು. ನಾನು ತಿಂದೆ. ಅಷ್ಟು ಪಿಟೀಲು ಕೇಳಿದರೆ ಹುರುಪಿನಲ್ಲಿ ದನಿ ತಾನೇ ಏರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ. ಇಲ್ಲಿ ತಿಂದವನು ನಾನು, ಕುಡಿಯಬೇಕಾದವಳು ಅವಳು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ, ಹಳೆಯ ಚರ್ಚೊಂದನ್ನು ಸ್ಟುಡಿಯೋ ಮಾಡಿಕೊಂಡಿದ್ದ ಕಟ್ಟಡದಲ್ಲಿ ಸೇರಿದೆವು. ಅರ್ಡೆಲ್ ನೀಲಿ ಉಡುಪು ತೊಟ್ಟು ಬಂದಿದ್ದಳು, ರೆಕಾರ್ಡಿನಲ್ಲಿ ಉಡುಪು ಕೇಳಿಸುತ್ತದೆಯೇನೋ ಎಂಬಂತೆ. ಮೊದಲು ದೀಪದ ಹಾಡೇ ಆಗಬೇಕೆಂದು ಹಟ ಮಾಡಿದಳು. ಲಾಸ್ಕರ್ ಕೈ ಎತ್ತಿದ.

ಪಿಟೀಲುಗಳು ಎದ್ದವು. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಮೊದಲ ಸಾಲು ಹೇಗೋ ದಾಟಿತು. ಎರಡನೆಯದರಲ್ಲಿ ಕತ್ತಿನ ನರ ಕಾಣಿಸಿಕೊಂಡಿತು. ಕೊನೆಯ ಸಾಲಿನಲ್ಲಿ ಮೆಟ್ಟಿಲು ಹತ್ತಿದಳು, ಒಂದು, ಎರಡು, ಮೂರು, ನಾಲ್ಕು. ಐದನೆಯದರಲ್ಲಿ ದನಿ ಒಡೆಯಿತು.

"ಪರವಾಗಿಲ್ಲ, ಇನ್ನೊಂದ್ಸಲ," ಎಂದ ಲಾಸ್ಕರ್.

ಇನ್ನೊಂದು ಸಲವೂ ಒಡೆಯಿತು. ಮೂರನೆಯ ಸಲ ದನಿಯೇ ಬರಲಿಲ್ಲ, ಬರೀ ಗಾಳಿ ಬಂತು. ಪಿಟೀಲಿನವರು ತಲೆ ತಗ್ಗಿಸಿ ತಮ್ಮ ಹಾಳೆ ನೋಡಿಕೊಂಡರು. ಅರ್ಡೆಲ್ ಕೊರಳ ಮೇಲಿನ ಹಳೆಯ ಗಾಯದ ಗೆರೆಯನ್ನು ಎರಡು ಬೆರಳಿನಿಂದ ಮುಟ್ಟಿಕೊಂಡಳು. ಹಿಂದಿನ ಕೋಣೆಗೆ ಹೋಗಿಬಿಟ್ಟಳು.

ಹಿಂದೆಯೇ ಹೋದೆ. ಹಿಂದೆ ಪಾದ್ರಿಗಳು ನಿಲುವಂಗಿ ತೂಗುಹಾಕುತ್ತಿದ್ದ ಚಿಕ್ಕ ಕೋಣೆ ಅದು. ಬೆಂಚಿನ ಮೇಲೆ ಕೂತಿದ್ದಳು.

"ಲಾಸ್ಕರ್‌ಗೆ ಹೇಳು ಮನೆಗೆ ಹೋಗ್ಲಿ ಅಂತ. ಮುಗೀತು."

"ಮಿಸ್ ಅರ್ಡೆಲ್..."

"ನಿನ್ನೆ ಇತ್ತಲ್ಲೋ! ನಿನ್ನೆ ಸಂಜೆ ನೀನೇ ಕೇಳಿದ್ಯಲ್ಲ. ಒಂದೇ ರಾತ್ರೀಲಿ ಎಲ್ಲಿಗೆ ಹೋಯ್ತು? ಗಂಟು ಮತ್ತೆ ಬಂದಿರ್ಬೇಕು. ಈ ಸಲ ಕೊಯ್ಸಿಕೊಳ್ಳಲ್ಲ ನಾನು. ಹಾಗೇ ಇರ್ಲಿ, ನನ್ನನ್ನೇ ತಗೊಂಡು ಹೋಗ್ಲಿ."

ಅವಳು ಅಳುತ್ತಿರಲಿಲ್ಲ. ಮನೆಯ ಸಾಮಾನನ್ನೆಲ್ಲ ಗಾಡಿಗೆ ಹೇರಿ ಮುಗಿಸಿದವರ ಹಾಗೆ ಸುಮ್ಮನೆ ಕೂತಿದ್ದಳು. ನನ್ನ ಸುಳ್ಳು ಅವಳನ್ನು ತಂದು ಕೂರಿಸಿದ ಜಾಗ ಅದು. ಇನ್ನು ಸುಮ್ಮನಿದ್ದರೆ ನಾನು ಮನುಷ್ಯನೇ ಅಲ್ಲ.

"ಗಂಟು ಬಂದಿಲ್ಲ," ಎಂದೆ. "ನಿನ್ನೆ ಹಾಡಿದ್ದು ಎರಡೂವರೇಲಿ ಅಲ್ಲ. ಒಂದರಲ್ಲಿ. ನಾನು ಇಳ್ಸಿದ್ದೆ."

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. "ನಿನ್ನೆನಾ?"

"ನಿನ್ನೆ. ಮೊನ್ನೆ. ಎರಡು ವರ್ಷದಿಂದ ಒಂದು. ಅದಕ್ಕೂ ಮುಂಚೆ ಒಂದೂವರೆ. ಅದಕ್ಕೂ ಮುಂಚೆ ಎರಡು."

"ಫಿಲಡೆಲ್ಫಿಯಾ?"

"ಶುರುವಾಗಿದ್ದೇ ಅಲ್ಲಿ."

ನನ್ನ ಮುಖ ನೋಡುತ್ತಲೇ ಇದ್ದಳು. ಆರು ವರ್ಷದ ಕಛೇರಿಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡುತ್ತಿದ್ದಾಳೆಂದು ಗೊತ್ತಾಗುತ್ತಿತ್ತು. ಯಾವುದರಲ್ಲಿ ಬಂದು ನಿಲ್ಲುತ್ತಾಳೆ ಎಂಬುದೂ ಗೊತ್ತಿತ್ತು. ಅಲ್ಲಿಗೇ ಬಂದು ನಿಂತಳು.

"ಓಪಲ್‌ನ ಆಡ್ಕೊಂಡೆನಲ್ಲ," ಎಂದಳು ಮೆಲ್ಲಗೆ. "ನೆಲಮಾಳಿಗೆ ಅಂತ. ಆ ದಿನ?"

"ಎರಡು."

"ನಾನು ಎರಡೂವರೆ ಅಂದೆ. ನೀನು ಹಿಂದೆ ಕೂತು ಎರಡರಲ್ಲಿ ಎತ್ತಿದೆ."

"ಹೌದು."

"ಜನ ನಕ್ಕಾಗ ನೀನೂ ನಕ್ಯಾ?"

ನಕ್ಕಿದ್ದೆ. ತಲೆಯಾಡಿಸಿದೆ.

"ನನ್ನ ಗಂಟಲು ಉಳಿಸ್ದೆ ಅಂದ್ಕೊಂಡಿದ್ಯಾ ಲೂಥರ್? ನೀನು ಉಳ್ಸಿದ್ದು ನನ್ನ ಜಂಬಾನ. ಅದರ ಕೈಗೆ ಓಪಲ್‌ನ ಕೊಟ್ಟೆ." ಬೆಂಚಿನಿಂದ ಎದ್ದಳು. "ನಿನ್ನ ಹತ್ತು ಬೆರಳೂ ಮುರೀಬೇಕು ಅನ್ನಿಸ್ತಿದೆ. ಆದ್ರೆ ಇವತ್ತು ಬೇಕಾಗಿದೆ, ಬಾ."

ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಭೂಮಿ ಹಾಗೆಲ್ಲ ಉಪಕಾರ ಮಾಡುವುದಿಲ್ಲ. ಹಿಂದೆ ನಡೆದೆ.

ಮೈಕಿನ ಮುಂದೆ ನಿಂತು ಇಪ್ಪತ್ತೆರಡು ಜನಕ್ಕೂ ಕೇಳುವ ಹಾಗೆ ಹೇಳಿದಳು. "ಮಿಸ್ಟರ್ ಲಾಸ್ಕರ್, ನಿಮ್ಗೆ ತಪ್ಪು ಶ್ರುತಿ ಕೊಟ್ಟೆ. ಅದು ನಾನು ಮೂವತ್ತೆಂಟು ವರ್ಷದೋಳಾಗಿದ್ದಾಗಿಂದು. ಈಗ ನಂಗೆ ಐವತ್ತೆರಡು. ಈಗಿನ ಶ್ರುತಿ ಒಂದು ಮನೆ." ನನ್ನ ಹೆಸರು ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರಾಗುತ್ತಿತ್ತು.

ಲಾಸ್ಕರ್ ಕನ್ನಡಕ ತೆಗೆದು ಒರೆಸಿಕೊಂಡ. "ಮಿಸ್ ಟಾಲಿವರ್, ಇಷ್ಟು ಜನರ ಹಾಳೆ ಇಲ್ಲೇ ಕೂತು ಬದಲಾಯಿಸೋಕಾಗಲ್ಲ. ಒಂದು ವಾರ ಬೇಕು."

"ಉಳಿದ ಹನ್ನೊಂದಕ್ಕೆ ತಗೊಳ್ಳಿ. ಇದನ್ನ ಇವತ್ತೇ ಹಾಡ್ತೀನಿ, ಬರೆದಿರೋ ಶ್ರುತೀಲೇ. ನಿಮ್ಮ ಪಿಟೀಲು ಮೇಲೆ ಹೋಗ್ಲಿ. ನಾನು ಬರಲ್ಲ."

ನಾಲ್ಕನೆಯ ಸಲ ಪಿಟೀಲುಗಳು ಎದ್ದವು. ಎತ್ತರಕ್ಕೆ ಹೋಗುವಲ್ಲೆಲ್ಲ ಅವಳು ಬೇರೆ ದಾರಿ ಹಿಡಿದಳು, ಅರ್ಧ ಹಾಡಿ ಅರ್ಧ ಮಾತಾಡಿದಳು. ಕೊನೆಯ ಸಾಲಿನಲ್ಲಿ ಹನ್ನೆರಡು ಪಿಟೀಲು ಐದು ಮೆಟ್ಟಿಲು ಹತ್ತಿ ತುದಿಯಲ್ಲಿ ಅವಳಿಗಾಗಿ ಕಾದವು. ಅವಳು ಅದೇ ಮೆಟ್ಟಿಲನ್ನು ಇಳಿದಳು. ಒಂದೊಂದೇ ಸ್ವರ ಇಳಿದು ತಳದಲ್ಲಿ ನಿಂತಳು. ಮೇಲೆ ಅವಳು ಇರಬೇಕಾದ ಜಾಗ ಖಾಲಿಯಾಗಿ ಕೇಳುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಅವಳು ಆ ಹಾಡನ್ನು ಮುರಿದಿದ್ದಳು. ಹಾರ್ಪ್ ನುಡಿಸುವ ಹೆಂಗಸು ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡಳು. ನಾನು ಒರೆಸಿಕೊಳ್ಳಲೂ ಇಲ್ಲ, ಕೈ ಪಿಯಾನೋ ಮೇಲಿತ್ತು.

ಆ ರೆಕಾರ್ಡು ಹೊರಬಂದಾಗ ಪತ್ರಿಕೆಗಳಲ್ಲಿ ಹೊಗಳಿದ್ದೇ ಹೊಗಳಿದ್ದು, ಎಂಥ ಸಂಯಮ, ಎಂಥ ಹೊಸ ಯೋಚನೆ ಎಂದು. ಬರೆಯುವವರಿಗೇನು, ಕೂತಲ್ಲೇ ಬರೆಯುತ್ತಾರೆ.

ಅಂದು ಸ್ಟುಡಿಯೋದಿಂದ ಹೊರಗೆ ಬಂದಾಗ ಒಂದು ಗಂಟೆ. ಹಿಮ ಕರಗಿ ರಸ್ತೆಯೆಲ್ಲ ರಾಡಿ.

"ಓಪಲ್ ಮನೆಗೆ," ಎಂದಳು. "ನೀನೇ ಹೇಳ್ಬೇಕು. ನಾನು ಪಕ್ಕದಲ್ಲಿ ನಿಂತಿರ್ತೀನಿ."

ಓಪಲ್‌ಳ ಮನೆ ಐದನೆಯ ಮಹಡಿಯಲ್ಲಿ. ಅರ್ಡೆಲ್ ಪ್ರತಿ ಮಹಡಿಯಲ್ಲೂ ನಿಂತು ಉಸಿರು ತೆಗೆದುಕೊಂಡಳು, ನನ್ನ ಕೈ ಹಿಡಿಯಲಿಲ್ಲ. ಬಾಗಿಲು ತೆರೆದ ಓಪಲ್‌ಳ ಕೈಯೆಲ್ಲ ಹಿಟ್ಟು.

"ಏನೇ ಡೆಲ್, ದಾರಿ ತಪ್ಪಿದ್ಯಾ? ನೆಲಮಾಳಿಗೆ ಕೆಳಗಿದೆ."

"ಲೂಥರ್ ಒಂದು ಮಾತು ಹೇಳ್ತಾನೆ," ಎಂದಳು ಅರ್ಡೆಲ್. "ಕೇಳ್ಕೋ. ಆಮೇಲೆ ಬೇಕಾದ್ರೆ ಬಾಗಿಲು ಹಾಕ್ಕೋ."

ಹೊಸಿಲಲ್ಲೇ ನಿಂತು ಎಲ್ಲ ಹೇಳಿದೆ. ಫಿಲಡೆಲ್ಫಿಯಾ, ಎರಡು, ಒಂದೂವರೆ, ಒಂದು, ಬೆಳಗಿನ ಸ್ಟುಡಿಯೋ. ಓಪಲ್ ಬೆರಳಿನ ಹಿಟ್ಟನ್ನು ಉಜ್ಜಿ ಉಜ್ಜಿ ಉದುರಿಸುತ್ತಾ ಕೇಳಿದಳು.

"ಇಷ್ಟೇನಾ? ಇದು ನಂಗೆ ಗೊತ್ತಿದ್ದಿದ್ದೇ. ಒಳಗೆ ಬನ್ನಿ, ಚಳಿ ಬರುತ್ತೆ."

ಅರ್ಡೆಲ್ ಕದಲಲಿಲ್ಲ. "ಏನು ಗೊತ್ತಿತ್ತು?"

"ನೆಲಮಾಳಿಗೆ ಅಂದ್ಯಲ್ಲ, ಆ ಭಾನುವಾರ ನಾನು ಅಲ್ಲೇ ಇದ್ದೆ ಕಣೇ. ಹಿಂದಿನ ಸಾಲಲ್ಲಿ, ಟೋಪಿ ಹಾಕ್ಕೊಂಡು. ನಿನ್ನ ಗಂಟಲು ಹೇಗಿದೆ ಅಂತ ಕೇಳೋಕೆ ಬಂದಿದ್ದೆ. ನೀನು ನನ್ನ ಆಡ್ಕೊಂಡು ನಗ್ಸಿದೆ, ಆಮೇಲೆ ಹಾಡು ಎತ್ತಿದೆ. ಎರಡರಲ್ಲಿ. ನನ್ನ ಕಿವಿ ನಿಂಗೊತ್ತಲ್ಲ."

"ಎದ್ದು ನಿಂತು ಹೇಳ್ಬಾರ್ದಿತ್ತಾ? ಎಲ್ಲರೆದುರಿಗೆ? ನಾನಾಗಿದ್ರೆ ಹೇಳ್ತಿದ್ದೆ."

"ನೀನಾಗಿದ್ರೆ ಹೇಳ್ತಿದ್ದೆ, ಗೊತ್ತು." ಓಪಲ್ ಹಿಟ್ಟಿನ ಕೈಯನ್ನು ಸೊಂಟದ ಮೇಲಿಟ್ಟಳು. "ಎಂಟು ತಿಂಗಳು ನಿಂಗೆ ಸೂಪ್ ಕುಡ್ಸಿದ್ದು ಯಾರು? ಮಾತಾಡೋಕಾಗ್ದೆ ಚೀಟಿ ಬರೆದು ಕೊಡ್ತಿದ್ಯಲ್ಲ, ಎಲ್ಲ ಓದಿದ್ದು ನಾನೇ. ಒಂದರಲ್ಲಿ ಬರೆದಿದ್ದೆ, ಹಾಡೋಕಾಗ್ದಿದ್ರೆ ನಾನು ಬದುಕಿರಲ್ಲ ಓಪಲ್, ಅಂತ. ಆ ಚೀಟಿ ಓದಿದೋಳು ಎದ್ದು ನಿಂತು ಹೇಗೆ ಹೇಳ್ಲಿ?"

ಆ ಚೀಟಿಯ ವಿಷಯ ನನಗೆ ಗೊತ್ತಿರಲಿಲ್ಲ. ಹೊಸಿಲಲ್ಲಿ ನಿಂತು ನನಗೆ ಅರ್ಥವಾದದ್ದು ಇಷ್ಟು: ಒಂದೇ ಗುಟ್ಟನ್ನು ನಾವಿಬ್ಬರೂ ಇಟ್ಟುಕೊಂಡಿದ್ದೆವು. ನನಗೆ ಅದರಿಂದ ಕೆಲಸ ಉಳಿಯಿತು, ಹೊಗಳಿಕೆ ಸಿಕ್ಕಿತು, ಸಿಹಿಗೆಣಸಿನ ಪೈ ಸಿಕ್ಕಿತು. ಓಪಲ್ ತನ್ನ ಹೆಸರು ಕಳೆದುಕೊಂಡಳು. ಅವಳದ್ದು ದಯೆ. ನನ್ನದಕ್ಕೆ ಆ ಹೆಸರು ಇಡಲು ನನಗೆ ನಾಚಿಕೆಯಾಯಿತು, ಇಂದಿಗೂ ಆಗುತ್ತದೆ.

ಅರ್ಡೆಲ್ ಈಗ ಅತ್ತಳು. ನಿಂತಲ್ಲೇ, ಕೈಚೀಲವನ್ನು ಎದೆಗೆ ಒತ್ತಿಕೊಂಡು, ಆ ದೊಡ್ಡ ಮೈಯೆಲ್ಲ ನಡುಗುವ ಹಾಗೆ. ಓಪಲ್ ಹಿಟ್ಟಿನ ಕೈಯಲ್ಲೇ ಅವಳ ತೋಳು ಹಿಡಿದು ಒಳಗೆ ಎಳೆದುಕೊಂಡಳು. ನೀಲಿ ಉಡುಪಿನ ಮೇಲೆ ಐದು ಬೆರಳಿನ ಬಿಳಿ ಗುರುತು ಮೂಡಿತು.

ಕಣ್ಣೊರೆಸಿಕೊಂಡು ಅರ್ಡೆಲ್ ಕೇಳಿದಳು. "ದೀಪದ ಹಾಡು ಈಗ ಎಷ್ಟರಲ್ಲಿ ಹಾಡ್ತೀಯೇ?"

"ಒಂದರಲ್ಲಿ. ಈ ಮೆಟ್ಲು ಹತ್ತಿದ ದಿನ ಅದಕ್ಕೂ ಕೆಳಗೆ."

"ನಂದೂ ಒಂದು," ಎಂದಳು ಅರ್ಡೆಲ್. ಬೆಳಿಗ್ಗೆ ಸ್ಟುಡಿಯೋದಲ್ಲಿ ಹೇಳಿದ್ದಕ್ಕಿಂತ ಮೆತ್ತಗೆ ಹೇಳಿದಳು. ಕೈಚೀಲದಿಂದ ಕೆಂಪು ನೋಟ್‌ಬುಕ್ ತೆಗೆದು, ಓಪಲ್‌ಳ ಪೆನ್ಸಿಲ್ ಇಸಿದುಕೊಂಡು, ಮೊದಲ ಪುಟದಲ್ಲಿ ನನ್ನ ಬರಹದ ಮೇಲೆ ಗೆರೆ ಎಳೆದಳು. ಪಕ್ಕದಲ್ಲಿ ತನ್ನ ಕೈಯಿಂದಲೇ ಒಂದು ಎಂದು ಬರೆದಳು.

ಕಿಟಕಿಯ ಪಕ್ಕ ಮೇಳದವರಿಗೆ ಪಾಠ ಹೇಳುವ ಹಳೆಯ ಪಿಯಾನೋ ಇತ್ತು. ಅರ್ಡೆಲ್ ಅದರತ್ತ ಕೈ ತೋರಿಸಿದಳು.

"ಕೂತ್ಕೋ ಲೂಥರ್. ಒಂದು ಮನೆ. ಕೇಳಿಸ್ತಾ?"

"ಕೇಳಿಸ್ತು, ಮಿಸ್ ಅರ್ಡೆಲ್."

ಕೂತೆ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವಳು ಪಿಯಾನೋಗೆ ಬೆನ್ನು ಮಾಡಲಿಲ್ಲ. ಓಪಲ್ ಒಂದು ಪಕ್ಕ, ಅವಳು ಇನ್ನೊಂದು ಪಕ್ಕ, ಇಬ್ಬರೂ ನನ್ನ ಕೈಯನ್ನೇ ನೋಡುತ್ತಾ ನಿಂತರು. ಹೇಳಿದ ಶ್ರುತಿಯಲ್ಲೇ ನುಡಿಸಿದೆ.